ಕೇಳುವವನ ಪೀಠ

ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸುವಾಗ ಒಬ್ಬನ ಎಲೆಗೆ ಹೆಚ್ಚು ತುಪ್ಪವನ್ನೂ ಮತ್ತೊಬ್ಬನ ಎಲೆಗೆ ಕಡಮೆ ತುಪ್ಪವನ್ನೂ ಹಾಕುವುದನ್ನು ಹಿರಿಯರು ಪಂಕ್ತಿಭೇದವೆಂದು ಕರೆದು, ಅದನ್ನು ದೋಷಗಳಲ್ಲಿ ಎಣಿಸಿದರು. ಬಡಿಸುವವನ ಕೈಯಲ್ಲಿ ಮಿಳ್ಳೆಯಿರುವವರೆಗೆ ಈ ದೋಷವನ್ನು ಕಂಡುಹಿಡಿಯುವುದು ಸುಲಭ. ಎಲೆಯನ್ನು ನೋಡಿದರೆ ಸಾಕು. ಆದರೆ ಬಡಿಸುವ ಪದಾರ್ಥವು ಕಣ್ಣಿಗೆ ಕಾಣದುದಾಗಿದ್ದು, ಒಂದೇ ಕೋಣೆಯಲ್ಲಿ ಕುಳಿತ ಐವರಿಗೆ ಅದು ಐದು ಬಗೆಯಾಗಿ ದೊರೆಯುತ್ತಿದ್ದರೂ ಯಾರ ಗಮನಕ್ಕೂ ಬಾರದಿದ್ದರೆ, ಅಲ್ಲಿ ಭೇದವುಂಟೆ, ಉಂಟಾದರೆ ಅದರ ಹೊಣೆಯು ಯಾರದು ಎಂಬ ಪ್ರಶ್ನೆಯು ಅಷ್ಟು ಸುಲಭವಲ್ಲ. ಈ ಪ್ರಶ್ನೆಯು ಈಗ ಅನೇಕರ ನಡುಮನೆಯಲ್ಲಿಯೇ ಎದ್ದಿದೆ. ಅದನ್ನು ಎಬ್ಬಿಸಿರುವುದು ಶಾಸ್ತ್ರವೂ ಅಲ್ಲ, ರಾಜಕೀಯವೂ ಅಲ್ಲ. ಸಂಗೀತವನ್ನೂ ಚಲಚ್ಚಿತ್ರವನ್ನೂ ಕೇಳುವುದಕ್ಕಾಗಿ ಕೋಣೆಯ ಸುತ್ತಲೂ ಇಡುವ ಐದಾರು ಧ್ವನಿವರ್ಧಕಗಳು.

ಸರೌಂಡ್ ಸೌಂಡ್ ಎಂಬ ಈ ವ್ಯವಸ್ಥೆಯ ಸ್ವರೂಪವನ್ನು ಮೊದಲು ತಿಳಿಯಬೇಕು. ಕೇಳುವವನ ಎದುರಿಗೆ ಮೂರು ಸ್ಪೀಕರುಗಳು: ಒಂದು ನೇರ ಮುಂದೆ, ತೆರೆಯ ಮೇಲೋ ಕೆಳಗೋ, ಉಳಿದೆರಡು ಅದರ ಎಡಕ್ಕೂ ಬಲಕ್ಕೂ, ಮಧ್ಯರೇಖೆಯಿಂದ ತಲಾ 30 ಡಿಗ್ರಿಗಳ ಕೋನದಲ್ಲಿ. ಬೆನ್ನ ಕಡೆಗೆ ಇನ್ನೆರಡು. ಇವು ನೇರ ಹಿಂದೆಯಲ್ಲ, ಕಿವಿಗಳಿಗಿಂತ ಕೊಂಚ ಹಿಂದಕ್ಕೆ, 100ರಿಂದ 120 ಡಿಗ್ರಿಗಳ ನಡುವೆ. ಐದೂ ಕೇಳುವವನಿಂದ ಸಮದೂರದಲ್ಲಿ, ಒಂದು ವೃತ್ತದ ಪರಿಧಿಯ ಮೇಲೆ ನಿಲ್ಲಬೇಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1990ರ ದಶಕದಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿರುವ ಕೋನಗಳು ಇವೇ. ಇವುಗಳ ಜೊತೆಗೆ ಗುಡುಗು, ಡೊಳ್ಳು ಮೊದಲಾದ ತೀರ ಕೆಳಗಿನ ನಾದಗಳಿಗಾಗಿ ಸಬ್‌ವೂಫರೆಂಬ ಪೆಟ್ಟಿಗೆಯೊಂದು ಬೇರೆ. ಮುಂದೆ ಐದು ಏಳಾಯಿತು. 2012ರಲ್ಲಿ ಡಾಲ್ಬಿ ಸಂಸ್ಥೆಯವರ ಅಟ್ಮಾಸ್ ಚಿತ್ರಮಂದಿರಗಳಿಗೆ ಬಂದ ಮೇಲೆ, ಸ್ಪೀಕರುಗಳು ಮಾಳಿಗೆಯನ್ನೂ ಏರಿದುವು. ಆದರೆ ಸಂಖ್ಯೆಯು ಎಷ್ಟೇ ಬೆಳೆಯಲಿ, ವೃತ್ತಕ್ಕೆ ಕೇಂದ್ರವು ಒಂದೇ. ಆ ಕೇಂದ್ರದಲ್ಲಿ ಇಡಬಹುದಾದ ಕುರ್ಚಿಯೂ ಒಂದೇ. ವಿವಾದದ ಮೂಲವಿರುವುದು ಇಲ್ಲಿಯೇ.

ಕೇಂದ್ರದಿಂದ ಒಂದಡಿ ಸರಿದರೆ ಆಗುವ ಕೇಡೇನು ಎಂದು ಕೇಳಬಹುದು. ಕೇಡು ಆಗುವುದು ನಿಜ; ಅದಕ್ಕೆ ಕಾರಣವು ಮನುಷ್ಯನ ತಲೆಯ ರಚನೆಯಲ್ಲಿದೆ. ಶಬ್ದವು ಯಾವ ಕಡೆಯಿಂದ ಬಂದಿತೆಂಬುದನ್ನು ತಿಳಿಯಲು ಕಿವಿಗಳಿಗೆ ಮುಖ್ಯವಾಗಿ ಎರಡು ಉಪಾಯಗಳಿವೆಯೆಂಬುದನ್ನು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿಯು 1907ರಲ್ಲಿ ವಿವರಿಸಿದನು. ಎರಡು ಕಿವಿಗಳಿಗೂ ಶಬ್ದವು ತಲಪುವ ಹೊತ್ತಿನಲ್ಲಿ ಅಂತರವಿರುತ್ತದೆ; ಅದರ ಬಲದಲ್ಲಿಯೂ ಅಂತರವಿರುತ್ತದೆ, ಏಕೆಂದರೆ ತಲೆಯೇ ಒಂದು ಕಿವಿಗೆ ಮರೆಯಾಗುತ್ತದೆ. ಶಬ್ದವು ತೀರ ಪಕ್ಕದಿಂದ ಬಂದರೂ ಹೊತ್ತಿನ ಅಂತರವು ಒಂದು ಸೆಕೆಂಡಿನ ಹತ್ತುಸಾವಿರದಲ್ಲಿ ಆರೇಳು ಭಾಗವನ್ನು ಮೀರುವುದಿಲ್ಲ. ಇಷ್ಟು ಸೂಕ್ಷ್ಮವಾದ ತಕ್ಕಡಿಯು ಕತ್ತಿನ ಮೇಲಿದೆ. ಎಡಬಲದ ಎರಡು ಸ್ಪೀಕರುಗಳು ಒಂದೇ ದನಿಯನ್ನು ಒಂದೇ ಹೊತ್ತಿನಲ್ಲಿ ನುಡಿದರೆ, ಸರಿಯಾಗಿ ಮಧ್ಯದಲ್ಲಿ ಕುಳಿತವನಿಗೆ ಗಾಯಕಿಯು ಅವೆರಡರ ನಡುವೆ, ಏನೂ ಇಲ್ಲದ ಬರಿಯ ಗಾಳಿಯಲ್ಲಿ, ನಿಂತು ಹಾಡುವಂತೆ ತೋರುವುದು. ಅವನು ಒಂದಡಿಯಷ್ಟು ಎಡಕ್ಕೆ ಸರಿದನೆಂದರೆ ಬಲಗಡೆಯ ದನಿಯು ಎಡಗಡೆಯದಕ್ಕಿಂತ ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಸಮೀಪವಾಗುವಷ್ಟು ತಡವಾಗಿ ಬರುತ್ತದೆ. ಮೊದಲು ಬಂದುದನ್ನೇ ಮೂಲವೆಂದು ನಂಬುವುದು ಕಿವಿಯ ಸ್ವಭಾವ. ಜರ್ಮನಿಯ ಗೋಟಿಂಗನ್ನಿನಲ್ಲಿ ಹೆಲ್ಮುಟ್ ಹಾಸನು 1949ರಲ್ಲಿ ಸಲ್ಲಿಸಿದ ಪ್ರಬಂಧವು ಈ ಸ್ವಭಾವವನ್ನು ಕುರಿತದ್ದು. ಹೀಗಾಗಿ ಗಾಯಕಿಯು ಒಮ್ಮೆಗೇ ಗಾಳಿಯನ್ನು ಬಿಟ್ಟು ಎಡಗಡೆಯ ಪೆಟ್ಟಿಗೆಯನ್ನು ಹೊಕ್ಕುಬಿಡುತ್ತಾಳೆ. ಮಧ್ಯದಲ್ಲಿ ಕುಳಿತವನಿಗೆ ಕಚೇರಿ. ಅವನ ಪಕ್ಕದಲ್ಲಿಯೇ ಕುಳಿತವನಿಗೆ ಪೆಟ್ಟಿಗೆ.

ಇಲ್ಲದ ಗಾಯಕಿಯನ್ನು ಇರುವಂತೆ ತೋರಿಸುವ ಈ ವಿದ್ಯೆಯು ಸುಳ್ಳಲ್ಲವೆ ಎಂದು ಆಕ್ಷೇಪಿಸುವವರುಂಟು. ಆ ಆಕ್ಷೇಪಕ್ಕೆ ಹೆಚ್ಚಿನ ಹುರುಳಿಲ್ಲ. ರಂಗದ ಮೇಲಿನ ಹರಿಶ್ಚಂದ್ರನು ಸುಡುಗಾಡಿನಲ್ಲಿಲ್ಲವೆಂದು ಬಲ್ಲ ಪ್ರೇಕ್ಷಕನು ಮೋಸಹೋಗಲಿಲ್ಲ; ಒಪ್ಪಿ ನೋಡಿದನು. ಇಲ್ಲಿಯೂ ಹಾಗೆಯೇ. ಕೇಳತಕ್ಕ ಪ್ರಶ್ನೆಯು ಮತ್ತೊಂದು: ಈ ನಾಟಕವು ಒಂದೇ ಕುರ್ಚಿಗೆ ಮಾತ್ರ ಕಾಣಿಸುವಂತೆ ರಂಗವನ್ನು ಕಟ್ಟಿ, ಉಳಿದವರನ್ನೂ ಅದೇ ಕೋಣೆಯಲ್ಲಿ ಕುಳ್ಳಿರಿಸಿದರೆ ಅದನ್ನು ಏನೆಂದು ಕರೆಯಬೇಕು?

ಒಂದು ಮನೆಯನ್ನು ಉದಾಹರಣೆಗಾಗಿ ಇಟ್ಟುಕೊಳ್ಳಬಹುದು. ಕೋಣೆಯು 16 ಅಡಿ ಉದ್ದ, 12 ಅಡಿ ಅಗಲ. ಗೃಹಸ್ಥನಿಗೆ ಸಂಗೀತದಲ್ಲಿ ನಿಜವಾದ ಆಸಕ್ತಿಯುಂಟು. ವರ್ಷಗಳ ಉಳಿತಾಯದಿಂದ ಈ ಸಲಕರಣೆಯನ್ನು ಕೊಂಡಿದ್ದಾನೆ. ಅವನ ಪತ್ನಿಯೂ ಇಬ್ಬರು ಮಕ್ಕಳೂ ಸಂಜೆ ಅದೇ ಕೋಣೆಯಲ್ಲಿರುವರು. ಎಡಗೋಡೆಯ ಪಕ್ಕದಲ್ಲಿ, ಕೋಣೆಯ ಅರ್ಧಕ್ಕಿಂತ ತುಸು ಹಿಂದೆ, ಅವನ ತಾಯಿಯ ಬೆತ್ತದ ಕುರ್ಚಿಯಿದೆ. ಎಷ್ಟೋ ವರ್ಷಗಳಿಂದ ಅದು ಅಲ್ಲಿಯೇ ಇದೆ. ಗೃಹಸ್ಥನು ಅಳತೆಯ ಪಟ್ಟಿಯನ್ನೂ ದಾರವನ್ನೂ ಹಿಡಿದು, ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತವನ್ನು ಬರೆದು, ಕೋನಗಳನ್ನು ಗುರುತಿಸಿದಾಗ, ಎಡಗಡೆಯ ಹಿಂದಣ ಸ್ಪೀಕರು ನಿಲ್ಲಬೇಕಾದ ಸ್ಥಳವು ಸರಿಯಾಗಿ ಆ ಕುರ್ಚಿಯಿರುವ ಸ್ಥಳವೇ ಆಗುತ್ತದೆ. ಅವನು ಏನನ್ನೂ ಹೇಳುವ ಮೊದಲೇ, ಸೀಮೆಸುಣ್ಣದ ಗುರುತನ್ನು ನೋಡಿದ ತಾಯಿಯು, "ನನಗೇನು ಕೇಳಿಸಬೇಕಪ್ಪ, ಕುರ್ಚಿಯನ್ನು ಒಳಗಿನ ಕೋಣೆಗೆ ಹಾಕಿಬಿಡು" ಎನ್ನುತ್ತಾಳೆ.

ಇಲ್ಲಿಗೆ ವಿಷಯವು ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಸ್ಥಳವನ್ನು ಬಿಡುವವಳೇ ಒಪ್ಪಿದ ಮೇಲೆ ಅನ್ಯಾಯವೆಲ್ಲಿ? ಆದರೆ ಮನೆಗಳಲ್ಲಿ ನಡೆಯುವ ಅನ್ಯಾಯಗಳಲ್ಲಿ ಬಹುಪಾಲು ಒಪ್ಪಿಗೆಯಿಂದಲೇ ನಡೆಯುತ್ತವೆ. ಒಪ್ಪಿಗೆಯನ್ನು ಕೊಟ್ಟವರು ಯಾರು, ಅದನ್ನು ಪಡೆದವರು ಯಾರು, ಕೊಡದಿದ್ದರೆ ಆಗುತ್ತಿದ್ದುದೇನು ಎಂಬುದನ್ನು ನೋಡದೆ ಒಪ್ಪಿಗೆಗೆ ಬೆಲೆಕಟ್ಟಲಾಗದು. ಕೊನೆಯಲ್ಲಿ ಉಣ್ಣುವ ಗೃಹಿಣಿಯು ಹಸಿವಿಲ್ಲವೆನ್ನುವುದನ್ನೂ, ಹಬ್ಬಕ್ಕೆ ಸೀರೆಯು ಬೇಡವೆನ್ನುವುದನ್ನೂ ಅಕ್ಷರಶಃ ನಂಬುವ ಮಗನು ಸತ್ಯವಂತನಿರಬಹುದು, ಸೂಕ್ಷ್ಮಜ್ಞನಲ್ಲ. ತಾಯಿಯ ಮಾತಿನಲ್ಲಿ ಒಪ್ಪಿಗೆಯ ಜೊತೆಗೆ ಒಂದು ಅಂದಾಜೂ ಇದೆ: ತನ್ನ ಕೇಳುವಿಕೆಯು ಲೆಕ್ಕಕ್ಕೆ ಬರತಕ್ಕದ್ದಲ್ಲವೆಂಬ ಅಂದಾಜು. ಅದು ಸರಿಯೆ ತಪ್ಪೆ ಎಂಬುದನ್ನು ವಿಚಾರಿಸದೆ ಕುರ್ಚಿಯನ್ನು ಎತ್ತುವವನು ಆ ಅಂದಾಜಿಗೆ ಸಹಿ ಹಾಕಿದಂತಾಗುತ್ತದೆ.

ಗೃಹಸ್ಥನ ಪಕ್ಷಕ್ಕೂ ನ್ಯಾಯವನ್ನು ಸಲ್ಲಿಸಬೇಕು. ಆತನು ಬರಿಯ ಸ್ವಾರ್ಥಿಯಲ್ಲ. ಅವನ ವಾದವು ಹೀಗಿದ್ದೀತು: ಧ್ವನಿಮುದ್ರಣವನ್ನು ಸಿದ್ಧಪಡಿಸಿದವನು ತನ್ನ ಕೋಣೆಯಲ್ಲಿ ಇಂಥದೇ ಒಂದು ಕೇಂದ್ರದಲ್ಲಿ ಕುಳಿತು, ಪಿಟೀಲು ಎಲ್ಲಿ, ಮೃದಂಗವೆಲ್ಲಿ, ಚಪ್ಪಾಳೆಯು ಎಷ್ಟು ದೂರದಲ್ಲಿ ಎಂಬುದನ್ನು ಕಿವಿಯಿಂದ ತೂಗಿ ನಿರ್ಣಯಿಸಿದ್ದಾನೆ. ಆ ಕೃತಿಯನ್ನು ಅವನು ಕೇಳಿದಂತೆ ಕೇಳುವವನು ಒಬ್ಬನಾದರೂ ಮನೆಯಲ್ಲಿರುವುದು ಕೃತಿಗೆ ಸಲ್ಲಿಸುವ ಗೌರವ. ಎಲ್ಲರಿಗೂ ಸಮನಾಗಲೆಂದು ಸ್ಪೀಕರುಗಳನ್ನು ಅಡ್ಡಾದಿಡ್ಡಿಯಾಗಿ ಇಟ್ಟರೆ ಎಲ್ಲರಿಗೂ ಸಮನಾಗಿ ಕೆಡುವುದೇ ಹೊರತು ಯಾರಿಗೂ ಲಾಭವಿಲ್ಲ. ಉತ್ಸವಮೂರ್ತಿಯ ಎದುರಿಗೆ ನೂಕುನುಗ್ಗಲಾದರೆ ಒಬ್ಬನಿಗೂ ದರ್ಶನವಾಗದಂತೆ ಮಾಡುವುದು ನ್ಯಾಯವಲ್ಲವಷ್ಟೆ. ಸಂಗೀತಸಭೆಯಲ್ಲಿಯೂ ಒಳ್ಳೆಯ ಆಸನ, ಸಾಧಾರಣ ಆಸನ ಎಂಬುದಿಲ್ಲವೆ? ಅಲ್ಲಿ ಕಂಬದ ಮರೆಗೆ ಕುಳಿತವನು ಅನ್ಯಾಯವಾಯಿತೆಂದು ದೂರುವುದಿಲ್ಲ.

ಈ ವಾದದಲ್ಲಿ ಸತ್ಯಾಂಶವಿದೆ. ರಸಿಕನ ಏಕಾಂತವು ದೋಷವಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬನು ಕುರ್ಚಿಯನ್ನು ಕೇಂದ್ರಕ್ಕೆ ಎಳೆದುಕೊಂಡು ಸಣ್ಣ ದನಿಯಲ್ಲಿ ಕೇಳಿದರೆ ಅದನ್ನು ಯಾರೂ ಪಂಕ್ತಿಭೇದವೆನ್ನಲಾರರು, ಏಕೆಂದರೆ ಅಲ್ಲಿ ಪಂಕ್ತಿಯೇ ಇಲ್ಲ. ಆದರೆ ಸಂಗೀತಸಭೆಯ ಹೋಲಿಕೆಯು ಮನೆಗೆ ಒಪ್ಪುವುದಿಲ್ಲ. ಸಭೆಯಲ್ಲಿ ಕಂಬದ ಮರೆಗೆ ಕುಳಿತವನು ನಾಳೆ ಬೇಗ ಬಂದು ಮುಂದೆ ಕುಳಿತಾನು. ಅವನ ಸ್ಥಾನವು ಅವನ ಹಣೆಬರಹವಲ್ಲ. ಮನೆಯ ಕುರ್ಚಿಗಳಿಗೆ ಹಾಗೆ ಹೊರಳಾಟವಿಲ್ಲ. ಕೇಂದ್ರದ ಆಸನವು ಒಂದೆರಡು ತಿಂಗಳಲ್ಲಿ 'ಅಪ್ಪನ ಜಾಗ'ವೆಂದು ಹೆಸರುಗೊಂಡು, ಅಪ್ಪನು ಊರಿನಲ್ಲಿಲ್ಲದ ದಿನವೂ ಖಾಲಿಯಾಗಿಯೇ ಉಳಿಯುವುದುಂಟು.

ಇನ್ನೊಂದು ಮಾತು. ಉಳಿದವರನ್ನು ಕೋಣೆಯಲ್ಲಿ ಸುಮ್ಮನೆ ಬಂದು ಕುಳಿತವರೆಂದು ಎಣಿಸುವುದು ಶಾಸ್ತ್ರದೃಷ್ಟಿಯಿಂದಲೂ ತಪ್ಪು. ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಫಾಗ್ ಕಲಾಮಂದಿರದ ಉಪನ್ಯಾಸದ ಕೋಣೆಯು ಮಾತೇ ತಿಳಿಯದಷ್ಟು ಅನುರಣನದಿಂದ ಕೂಡಿದ್ದಿತು. ಅದನ್ನು ಸರಿಪಡಿಸುವ ಕೆಲಸವು 1895ರಲ್ಲಿ ವಾಲೆಸ್ ಸಬೈನನೆಂಬ ತರುಣ ಅಧ್ಯಾಪಕನ ಪಾಲಿಗೆ ಬಂದಿತು. ಅವನು ರಾತ್ರಿಯ ನಿಶ್ಶಬ್ದದಲ್ಲಿ ಹತ್ತಿರದ ನಾಟಕಶಾಲೆಯಿಂದ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ಆರ್ಗನ್ನಿನ ಕೊಳವೆಯನ್ನು ಊದಿಸಿ, ನಾದವು ಅಡಗುವವರೆಗಿನ ಹೊತ್ತನ್ನು ಗಡಿಯಾರದಿಂದ ಅಳೆದನು. ಮೆತ್ತೆಗಳು ಹೆಚ್ಚಿದಂತೆ ಅನುರಣನವು ಕುಗ್ಗಿತು. ಒಬ್ಬ ಮನುಷ್ಯನ ದೇಹವು ಸುಮಾರು ಆರು ಮೆತ್ತೆಗಳಷ್ಟು ಶಬ್ದವನ್ನು ಹೀರುವುದೆಂಬುದೂ ಆಗ ತಿಳಿದುಬಂದಿತು. ಗೃಹಸ್ಥನು ಮನೆಯವರನ್ನೆಲ್ಲ ಹೊರಗೆ ಕಳಿಸಿ, ಬರಿದಾದ ಕೋಣೆಯಲ್ಲಿ ಅಳೆದು ಸಿದ್ಧಪಡಿಸಿದ ಧ್ವನಿಯು, ಅವರು ಒಳಗೆ ಬಂದು ಕುಳಿತ ಗಳಿಗೆಯಲ್ಲಿಯೇ ಬೇರೆಯಾಗುತ್ತದೆ. ಕೋಣೆಯೂ ವಾದ್ಯದ ಒಂದು ಭಾಗವೆನ್ನುವುದಾದರೆ ಅದರಲ್ಲಿ ಕುಳಿತ ತಾಯಿಯೂ ಮಕ್ಕಳೂ ಅದರ ಭಾಗವೇ ಆದರು.

ಜಗಳವನ್ನೇ ಇಲ್ಲದಂತೆ ಮಾಡುವ ಉಪಾಯವೊಂದು ಬಹಳ ಹಿಂದೆಯೇ ಹೊಳೆದಿತ್ತು. ಪ್ಯಾರಿಸಿನಲ್ಲಿ 1881ರಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಆದೆ ಎಂಬಾತನು ಅಲ್ಲಿಯ ಗೀತನಾಟಕಶಾಲೆಯ ರಂಗದ ಮುಂದೆ ದೂರವಾಣಿಯ ಯಂತ್ರಗಳನ್ನು ಸಾಲಾಗಿ ಇರಿಸಿ, ಪ್ರದರ್ಶನದ ಕೋಣೆಯಲ್ಲಿ ಕೇಳುವವರ ಒಂದೊಂದು ಕಿವಿಗೂ ಒಂದೊಂದು ಕೊಳವೆಯನ್ನು ಕೊಟ್ಟನು. ನಟರು ರಂಗದ ಮೇಲೆ ಅತ್ತಿತ್ತ ಚಲಿಸುವುದು ಕೇಳುವವರಿಗೆ ಕಿವಿಯಲ್ಲಿಯೇ ಗೊತ್ತಾಯಿತು. ಅಲ್ಲಿ ಒಳ್ಳೆಯ ಆಸನವೆಂಬುದಿಲ್ಲ. ಕೊಳವೆಯನ್ನು ಹಿಡಿದ ಪ್ರತಿಯೊಬ್ಬನೂ ವೃತ್ತದ ಕೇಂದ್ರದಲ್ಲಿಯೇ ಇದ್ದನು. ಇಂದಿನ ಹೆಡ್‌ಫೋನು ಅದೇ ಪರಿಹಾರವನ್ನು ಅಗ್ಗವಾಗಿ ಒದಗಿಸಿದೆ. ಮನೆಯ ಐವರೂ ಒಂದೊಂದನ್ನು ಧರಿಸಿದರೆ ಕೂದಲೆಳೆಯಷ್ಟೂ ಭೇದವಿಲ್ಲ. ಆದರೆ ಆ ಕೋಣೆಯನ್ನು ಬಾಗಿಲಲ್ಲಿ ನಿಂತು ನೋಡುವವನಿಗೆ ಏನು ಕಾಣುತ್ತದೆ? ಐವರು ಒಬ್ಬರ ನಗುವನ್ನು ಮತ್ತೊಬ್ಬರು ಕೇಳದೆ ಕುಳಿತಿರುವರು. ಊಟದಲ್ಲಿ ಭೇದವಾಗಬಾರದೆಂದು ಪ್ರತಿಯೊಬ್ಬನಿಗೂ ಬೇರೆ ಕೋಣೆಯಲ್ಲಿ ಎಲೆ ಹಾಕಿದಂತೆ ಈ ಏರ್ಪಾಡು. ಪಂಕ್ತಿಭೇದವು ಹೋಯಿತು, ಅದರೊಡನೆ ಪಂಕ್ತಿಯೂ ಹೋಯಿತು.

ಬಾನುಲಿಯ ಕಾಲದಲ್ಲಿ ಈ ಚಿಂತೆಯಿರಲಿಲ್ಲವೆಂಬುದನ್ನು ಹಿರಿಯರು ನೆನೆಯುವುದುಂಟು. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿ, ಆಕಾಶವಾಣಿಯೆಂಬ ಹೆಸರು ಬಳಕೆಗೆ ಬಂದ ದಿನಗಳಲ್ಲಿ, ಧ್ವನಿಯು ಒಂದೇ ಪೆಟ್ಟಿಗೆಯಿಂದ ಬರುತ್ತಿದ್ದಿತು. ಅದರ ಸುತ್ತ ಅರ್ಧಚಂದ್ರಾಕಾರವಾಗಿ ಕುಳಿತವರಿಗೆ ದೂರ ಹತ್ತಿರಗಳ ವ್ಯತ್ಯಾಸವೊಂದನ್ನುಳಿದು ಬೇರೆ ತಾರತಮ್ಯವಿರಲಿಲ್ಲ. ಹಳೆಯದೆಲ್ಲ ಹೊನ್ನೆಂದು ಹೇಳಬೇಕಾಗಿಲ್ಲ. ಆ ಪೆಟ್ಟಿಗೆಯಲ್ಲಿ ತಂಬೂರಿಯ ನಾದವು ಎಷ್ಟುಮಟ್ಟಿಗೆ ಉಳಿಯುತ್ತಿದ್ದಿತೆಂಬುದನ್ನು ಕೇಳಿದವರೇ ಬಲ್ಲರು.

ಕನ್ನಡನಾಡಿನಲ್ಲಿ ಸುತ್ತಲಿಂದ ಕೇಳುವ ಧ್ವನಿಯ ಹಿರಿಯ ಮನೆಯೆಂದರೆ ವಿಜಯಪುರದ ಗೋಲಗುಮ್ಮಟ. ಮುಹಮ್ಮದ್ ಆದಿಲ್ ಶಹನ ಈ ಗೋರಿಯು 1656ರ ಹೊತ್ತಿಗೆ ಮುಗಿಯಿತು. ಗುಮ್ಮಟದ ಒಳಬುಡದಲ್ಲಿ ಸುತ್ತಲೂ ಓಡುವ ಮೊಗಸಾಲೆಯ ಒಂದು ಕಡೆಯಲ್ಲಿ ಪಿಸುಗುಟ್ಟಿದ ಮಾತು ಸುಮಾರು 38 ಮೀಟರು ಅಗಲದ ಆ ಬಯಲನ್ನು ದಾಟಿದಂತೆ ಎದುರುಗಡೆಗೆ ಸ್ಪಷ್ಟವಾಗಿ ಕೇಳುತ್ತದೆ. ಕೇಳುತ್ತದೆ ಎನ್ನುವುದಕ್ಕಿಂತ, ಉಳಿದವರು ಸುಮ್ಮನಿದ್ದರೆ ಕೇಳುತ್ತದೆ ಎನ್ನುವುದು ಸರಿ. ಇಂಥ ಮೊಗಸಾಲೆಗಳಲ್ಲಿ ದನಿಯು ನಡುಬಯಲನ್ನು ಹಾಯದೆ ಬಾಗಿದ ಗೋಡೆಗೆ ಅಂಟಿಕೊಂಡು ಸುತ್ತುವುದೆಂಬುದನ್ನು ಲಂಡನ್ನಿನ ಸಂತ ಪಾಲನ ದೇವಾಲಯದ ವಿಷಯದಲ್ಲಿ ತೋರಿಸಿದವನೂ ಮೇಲೆ ಹೇಳಿದ ರೇಲಿಯೇ. ಅಲ್ಲಿ ಒಂದು ಕೇಂದ್ರವೆಂಬುದಿಲ್ಲ. ಗೋಡೆಯ ಬಳಿ ಕುಳಿತ ಯಾರಿಗಾದರೂ ದನಿಯು ದೊರೆಯುವುದು. ಆದರೂ ರಜಾದಿನಗಳಲ್ಲಿ ಅಲ್ಲಿಗೆ ಹೋದವರು ಹೆಚ್ಚಾಗಿ ಬರಿಯ ಕೋಲಾಹಲವನ್ನು ಕೇಳಿ ಹಿಂದಿರುಗುತ್ತಾರೆ. ಪ್ರತಿಯೊಬ್ಬನೂ ತನ್ನ ಕೂಗು ಹಲವು ಬಾರಿ ಮರಳಿ ಬರುವುದನ್ನು ಕೇಳಬೇಕೆಂದು ಕೂಗುವನು. ಪಿಸುಮಾತು ಯಾರಿಗೂ ಸಿಕ್ಕುವುದಿಲ್ಲ. ಕಟ್ಟಡವು ಎಲ್ಲರನ್ನೂ ಸಮನಾಗಿ ಕಂಡರೆ ಸಾಲದು. ಒಬ್ಬನಿಗೆ ಕೇಳಬೇಕಾದರೆ ಮತ್ತೊಬ್ಬನು ಏನನ್ನೋ ಬಿಡಬೇಕಾಗುತ್ತದೆ. ಮನೆಯಲ್ಲಿ ಮಕ್ಕಳು ಮಾತು ನಿಲ್ಲಿಸಿ ಕುಳಿತುದರಿಂದಲೇ ಗೃಹಸ್ಥನಿಗೆ ಆಲಾಪನೆಯ ಕೊನೆಯೆಳೆಯು ಕೇಳಿಸಿತು. ಅದು ಅವನು ಹಣ ಕೊಟ್ಟು ಕೊಂಡುದಲ್ಲ.

ಹಾಗಾದರೆ ಆ ಮನೆಯಲ್ಲಿ ಮಾಡತಕ್ಕದ್ದೇನು? ಸ್ಪೀಕರುಗಳ ಸ್ಥಾನನಿರ್ಣಯದಲ್ಲಿ ಎರಡು ಬೇರೆಬೇರೆ ಗುರಿಗಳಿವೆಯೆಂಬುದನ್ನು ಅಂಗಡಿಯವನು ಸಾಮಾನ್ಯವಾಗಿ ಹೇಳುವುದಿಲ್ಲ. ಒಂದು ಆಸನದಲ್ಲಿ ಅತ್ಯುತ್ತಮವಾಗಿರುವಂತೆ ಮಾಡುವುದು ಒಂದು ಗುರಿ. ಆಸನಕ್ಕೂ ಆಸನಕ್ಕೂ ಇರುವ ಅಂತರವನ್ನು ಕಡಮೆಮಾಡುವುದು ಮತ್ತೊಂದು. ಈ ಕವಲು ಇಂದಿನದಲ್ಲ. ಇಂಗ್ಲೆಂಡಿನಲ್ಲಿ ಅಲನ್ ಬ್ಲಮ್‌ಲೈನನು 1931ರಲ್ಲಿ ಹಕ್ಕುಪತ್ರಕ್ಕಾಗಿ ಬರೆದ ವ್ಯವಸ್ಥೆಯು ಎರಡು ಮಾರ್ಗಗಳದು. ಅಮೆರಿಕೆಯ ಬೆಲ್ ಪ್ರಯೋಗಶಾಲೆಯವರು 1933ರ ಏಪ್ರಿಲಿನಲ್ಲಿ ಫಿಲಡೆಲ್ಫಿಯಾದ ವಾದ್ಯವೃಂದವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣದಲ್ಲಿ ಕೇಳಿಸಿದಾಗ ಮೂರು ಮಾರ್ಗಗಳನ್ನು ಬಳಸಿದರು. ಸ್ಟೊಕೊವ್‌ಸ್ಕಿಯು ತನ್ನ ವಾದ್ಯವೃಂದವನ್ನು ಅಲ್ಲಿಯೇ ಬಿಟ್ಟು ಬಂದು, ವಾಷಿಂಗ್ಟನ್ನಿನಲ್ಲಿ ಯಂತ್ರದ ಮುಂದೆ ಕುಳಿತು ಧ್ವನಿಯ ಏರಿಳಿತವನ್ನು ನಿಯಂತ್ರಿಸಿದನು. ಸಭೆಯು ದೊಡ್ಡದು, ಎಲ್ಲರೂ ಮಧ್ಯದಲ್ಲಿ ಕುಳಿತಿರಲಾರರು. ನಡುವೆ ನಿಜವಾಗಿಯೇ ಒಂದು ಸ್ಪೀಕರನ್ನು ಇಟ್ಟರೆ ನಡುವಿನ ದನಿಯು ಎಡಕ್ಕೆ ಕುಳಿತವನಿಗೂ ಬಲಕ್ಕೆ ಕುಳಿತವನಿಗೂ ನಡುವಿನಿಂದಲೇ ಬರುತ್ತದೆ. ಅದೇ ಇಂದಿನ ಮಧ್ಯದ ಸ್ಪೀಕರು. ಕೇಂದ್ರದಲ್ಲಿ ಕುಳಿತವನಿಗೆ ಅದರ ಅಗತ್ಯವು ಅಷ್ಟಾಗಿ ಇಲ್ಲ. ಅವನ ಕಿವಿಯು ಬರಿಯ ಗಾಳಿಯಲ್ಲಿಯೂ ಗಾಯಕಿಯನ್ನು ನಿಲ್ಲಿಸಬಲ್ಲದು. ಅದು ಇರುವುದು ಮುಖ್ಯವಾಗಿ ಉಳಿದವರಿಗಾಗಿ. ಕೆಲವು ರಸಿಕರು ಆ ಸ್ಪೀಕರನ್ನೇ ತೆಗೆದಿಟ್ಟು, ಎರಡರಿಂದಲೇ ಸುಖವೆನ್ನುವುದು ಏಕೆಂಬುದು ಇದರಿಂದ ತಿಳಿಯುತ್ತದೆ.

ತಾಯಿಯ ಕುರ್ಚಿಯ ವಿಚಾರಕ್ಕೆ ಬಂದರೆ, ಆ ಮನೆಯಲ್ಲಿ ಒಂದು ಸಂಗತಿಯನ್ನು ಯಾರೂ ಗಮನಿಸಿರಲಿಲ್ಲವೆಂದಿಟ್ಟುಕೊಳ್ಳಬಹುದು. ಆಕೆಯ ಎಡಗಿವಿಯು ಮಂದವಾಗಿ ಬಹಳ ಕಾಲವಾಗಿದೆ. ಒಂದು ಕಿವಿಯಿಂದ ಕೇಳುವವರಿಗೆ ಹೊತ್ತಿನ ಅಂತರವೂ ಇಲ್ಲ, ಬಲದ ಅಂತರವೂ ಇಲ್ಲ. ವೃತ್ತದ ಮಾಯೆಯು ಅವರಿಗೆ ಕೇಂದ್ರದಲ್ಲಿ ಕುಳಿತರೂ ದೊರೆಯದು. ಅವರಿಗೆ ಬೇಕಾದುದು ಮಾತಿನ ಸ್ಪಷ್ಟತೆ. ಗದ್ದಲದ ನಡುವಿನಿಂದ ಒಂದು ಮಾತನ್ನು ಬೇರ್ಪಡಿಸುವುದು ಎರಡು ಕಿವಿಯುಳ್ಳವರಿಗಿಂತ ಅವರಿಗೆ ಹೆಚ್ಚು ಕಷ್ಟ. ಆಕೆಯು ಎಷ್ಟೋ ವರ್ಷಗಳ ಹಿಂದೆ ಎಡಗೋಡೆಯ ಪಕ್ಕವನ್ನು ಆರಿಸಿಕೊಂಡುದು ಕಿಟಕಿಯ ಗಾಳಿಗಾಗಿಯಲ್ಲ. ಕೇಳುವ ಕಿವಿಯು ಕೋಣೆಯ ಕಡೆಗೂ ಕೇಳದ ಕಿವಿಯು ಗೋಡೆಯ ಕಡೆಗೂ ಇರಲೆಂದು. ಅಳತೆಯ ಪಟ್ಟಿಯಿಲ್ಲದೆ, ಸೀಮೆಸುಣ್ಣವಿಲ್ಲದೆ ಆಕೆಯು ಆ ಕೋಣೆಯಲ್ಲಿ ತನಗೆ ಅತ್ಯುತ್ತಮವಾದ ಸ್ಥಾನವನ್ನು ಮಗನಿಗಿಂತ ಮೊದಲೇ ನಿರ್ಣಯಿಸಿದ್ದಳು. ಪಂಕ್ತಿಯಲ್ಲಿ ಪಥ್ಯದವನಿಗೆ ಸಪ್ಪೆಯ ಸಾರನ್ನು ಬಡಿಸುವುದು ಭೇದವಲ್ಲವೆಂದು ಎಲ್ಲರೂ ಬಲ್ಲರು; ಹಾಗೆಯೇ ಎಲ್ಲರಿಗೂ ಒಂದೇ ಬಗೆಯ ಧ್ವನಿಯನ್ನು ಹಂಚುವುದು ಇಲ್ಲಿ ಸಮತ್ವವಲ್ಲ. ಮಧ್ಯದ ಸ್ಪೀಕರಿನ ಮಾತನ್ನು ಉಳಿದವುಗಳಿಗಿಂತ ಎರಡು ಮೂರು ಡೆಸಿಬೆಲ್ ಏರಿಸಿದರೆ ಆಕೆಗೆ ನಾಟಕವು ಅರ್ಥವಾಗುತ್ತದೆ. ಗೃಹಸ್ಥನಿಗೆ ಸಮತೂಕವು ತುಸು ಕೆಡುತ್ತದೆ. ಎರಡು ನಷ್ಟಗಳು ಒಂದೇ ತೂಕದವಲ್ಲ.

ಮಂದ್ರನಾದದ ವಿಷಯದಲ್ಲಿ ತಾರತಮ್ಯವು ಇನ್ನೂ ವಿಚಿತ್ರವಾದುದು. 12 ಅಡಿ ಅಗಲದ ಕೋಣೆಯಲ್ಲಿ ಸೆಕೆಂಡಿಗೆ ಸುಮಾರು 47 ಕಂಪನಗಳ ನಾದವು ಎರಡು ಗೋಡೆಗಳ ನಡುವೆ ನಿಂತ ಅಲೆಯಾಗಿ, ಗೋಡೆಗಳ ಬಳಿ ಉಬ್ಬಿ, ನಟ್ಟನಡುವೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಗೃಹಸ್ಥನು ನಟ್ಟನಡುವೆ ಕುಳಿತಿರುವನಾದ್ದರಿಂದ ಗುಡುಗು ಸಾಲದೆಂದು ಸಬ್‌ವೂಫರನ್ನು ಏರಿಸುತ್ತಾನೆ. ಏರಿಸಿದುದು ಅವನಿಗೆ ತಲಪುವುದಿಲ್ಲ. ಗೋಡೆಯ ಪಕ್ಕದ ತಾಯಿಯ ಎದೆಯನ್ನು ನಡುಗಿಸುತ್ತದೆ, ಗೋಡೆಯ ಆಚೆಗಿನ ಮನೆಯ ಪಾತ್ರೆಗಳನ್ನೂ ಅದುರಿಸುತ್ತದೆ. ನೆರೆಯವನಿಗೆ ರಾಗವೂ ಇಲ್ಲ, ಮಾತೂ ಇಲ್ಲ. ಗೋಡೆಯನ್ನು ದಾಟಬಲ್ಲ ಗುದ್ದು ಮಾತ್ರ. ಭಾರತ ಸರಕಾರದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿಯ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ಲಿನ ಎಲ್ಲೆಯನ್ನು ಹಾಕಿವೆ. ಆದರೆ ಆ ಲೆಕ್ಕವನ್ನು ಅಳೆಯುವ ಮಾನವು ಮಂದ್ರಕ್ಕೆ ಕಡಮೆ ತೂಕವನ್ನು ಕೊಡುವಂಥದು. ಎಲ್ಲೆಯೊಳಗಿದ್ದೂ ನೆರೆಯವನ ನಿದ್ದೆಯನ್ನು ಕೆಡಿಸಬಹುದು. ಹಾರ್ಮನ್ ಸಂಸ್ಥೆಯ ಟಾಡ್ ವೆಲ್ಟಿಯು 2002ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ದಾರಿಯನ್ನು ತೋರಿಸುತ್ತದೆ: ಒಂದೇ ದೊಡ್ಡ ಸಬ್‌ವೂಫರನ್ನು ಮೂಲೆಯಲ್ಲಿ ಇಡುವುದಕ್ಕಿಂತ, ಎರಡನ್ನು ಎದುರುಬದುರಿನ ಗೋಡೆಗಳ ನಡುಮಧ್ಯದಲ್ಲಿ ಒಂದೊಂದರಂತೆ ಇಟ್ಟರೆ ಆಸನದಿಂದ ಆಸನಕ್ಕೆ ಇರುವ ವ್ಯತ್ಯಾಸವು ಬಹಳ ಕಡಮೆಯಾಗುವುದು. ಅಗಲದ ಗೋಡೆಗಳಲ್ಲಿ ಎದುರುಬದುರಾಗಿ ನಿಂತ ಎರಡೂ ಒಂದೇ ತಾಳದಲ್ಲಿ ತಳ್ಳಿದಾಗ ಆ 47ರ ಅಲೆಯು ಏಳುವುದೇ ಇಲ್ಲ. ಏರಿಸಬೇಕೆಂಬ ಚಪಲವೂ ಅದರೊಡನೆ ತಗ್ಗುವುದು.

ಇನ್ನು ಉಳಿದುದು ಎಡಗಡೆಯ ಹಿಂದಣ ಸ್ಪೀಕರು. ಕುರ್ಚಿಯನ್ನು ತುಸು ಮುಂದಕ್ಕೆ ಎಳೆದು, ಸ್ಪೀಕರನ್ನು ಅದರ ಹಿಂದೆ ಗೋಡೆಗೆ, ಕಿವಿಯ ಮಟ್ಟದಲ್ಲಿ ಹಾಕಿದರೆ, ತಾಯಿಗೆ ಅದು 3 ಅಡಿ ದೂರ. ಸೋಫಾದ ಬಲತುದಿಯಲ್ಲಿ ಕುಳಿತ ಮಗಳಿಗೆ 10 ಅಡಿ. ಗೋಡೆಗಳ ಪ್ರತಿಧ್ವನಿಯನ್ನು ಬಿಟ್ಟು ಲೆಕ್ಕಹಾಕಿದರೆ ಇಬ್ಬರಿಗೂ ಸಿಗುವ ಧ್ವನಿಯಲ್ಲಿ ಹತ್ತೂವರೆ ಡೆಸಿಬೆಲ್ಲಿನ ಅಂತರ. ಅಂದರೆ ಕಿವಿಗೆ ಒಂದಕ್ಕೆ ಎರಡಾಗಿ ತೋರುವಷ್ಟು. ಅದನ್ನೇ ಕಿವಿಯ ಮಟ್ಟಕ್ಕಿಂತ 4 ಅಡಿ ಮೇಲಕ್ಕೆ ಏರಿಸಿದರೆ ತಾಯಿಗೆ 5 ಅಡಿ, ಮಗಳಿಗೆ 11 ಅಡಿಗೆ ಕೊಂಚ ಕಡಮೆ. ಅಂತರವು ಆರೂವರೆಯ ಆಸುಪಾಸಿಗೆ ಇಳಿಯುತ್ತದೆ. ಬಲಗಡೆಯದನ್ನೂ ಅಷ್ಟೇ ಎತ್ತರಕ್ಕೆ ಏರಿಸಬೇಕು. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಹಿಂದಿನಿಂದ ಬರುವ ಮಳೆಯ ಸದ್ದು ಕೇಂದ್ರದಲ್ಲಿ ಕುಳಿತವನಿಗೆ ಬೆನ್ನ ಹಿಂದೆ ಬೀಳದೆ ಕೊಂಚ ಮೇಲಿನಿಂದ ಬೀಳುತ್ತದೆ, ಅದರ ದಿಕ್ಕು ಮೊದಲಿನಷ್ಟು ಮೊನಚಾಗಿರುವುದಿಲ್ಲ. ಮಳೆಯ ವಿಷಯದಲ್ಲಿ ಇದನ್ನು ದೊಡ್ಡ ನಷ್ಟವೆನ್ನಲಾಗದು. ಆಮೇಲೆ ಯಂತ್ರದ ಜೊತೆಯಲ್ಲಿ ಬಂದ ಮೈಕ್ರೊಫೋನನ್ನು ಒಂದೇ ಆಸನದಲ್ಲಿ ನಿಲ್ಲಿಸಿ ಅಳೆಯದೆ, ಸೋಫಾದ ಮೂರೂ ಸ್ಥಾನಗಳಲ್ಲಿಯೂ ಬೆತ್ತದ ಕುರ್ಚಿಯಲ್ಲಿಯೂ ಇಟ್ಟು ಅಳೆಯಲು ಅರ್ಧ ಗಂಟೆಯು ಹೆಚ್ಚು ಹಿಡಿಯುವುದು. ಅದನ್ನು ಮನೆಯವರೆಲ್ಲ ತಮ್ಮ ತಮ್ಮ ಸ್ಥಾನಗಳ ಬಳಿ ಇರುವಾಗ ಮಾಡಿದರೆ ಲೇಸು.

ಎತ್ತರದ ಆ ಎಡ ಸ್ಪೀಕರು ತಾಯಿಯ ಮಂದವಾದ ಕಿವಿಯ ಕಡೆಗೇ ಬೀಳುವುದರಿಂದ ಆಕೆಗೆ ಅದರ ಉಪದ್ರವವು ಅಷ್ಟಾಗಿ ತಟ್ಟುವುದಿಲ್ಲ. ಸೀಮೆಸುಣ್ಣದ ಗುರುತನ್ನು ಸಂಜೆಗೆ ಒರೆಸಿಹಾಕಬಹುದು. ಮೊದಲ ದಿನ ಕೇಂದ್ರದ ಆಸನದಲ್ಲಿ ಕಿರಿಯ ಮಗಳನ್ನು ಕುಳ್ಳಿರಿಸಿ ಗೃಹಸ್ಥನು ನೆಲದ ಮೇಲೆ ಕುಳಿತುಕೊಂಡರೆ, ಆಕೆಯು ಒಂದೆರಡು ಬಾರಿ ಹಿಂದಿರುಗಿ ನೋಡಿ, ಬೆನ್ನ ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳುವುದನ್ನು ಅವನು ಕಾಣುತ್ತಾನೆ. ಅಜ್ಜಿಯು ಮಾತ್ರ ತೆರೆಯ ಕಡೆಗೆ ನೋಡುತ್ತಾ, ಯಾರನ್ನೂ ಕೇಳದೆ, ನಾಟಕದವನ ಮಾತಿಗೆ ಸರಿಯಾದ ಹೊತ್ತಿಗೆ ನಗುತ್ತಾಳೆ.